ಕೂಗಳತೆಯ ಲೆಕ್ಕ

ಎರಡು ವರ್ಷದ ಹಿಂದಿನ ಆಷಾಢ. ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಮೂರು ದಿನದಿಂದ ಕರೆಂಟ್ ಇರಲಿಲ್ಲ. ಮೊದಲ ರಾತ್ರಿಯೇ ಟವರ್ ಬ್ಯಾಟರಿ ಖಾಲಿಯಾಗಿ ಮೊಬೈಲ್ ಸಿಗ್ನಲ್ಲೂ ಹೋಗಿತ್ತು. ಅಡಿಕೆಗೆ ಕೊಳೆ ಬಂದಿದೆಯಾ ನೋಡ್ಕೊಂಡು ಬರ್ತೀನಿ ಅಂತ ಅಪ್ಪ ಬೆಳಿಗ್ಗೆ ಹತ್ತಕ್ಕೆ ಗುಡ್ಡದಾಚೆಯ ತೋಟಕ್ಕೆ ಹೋದ. ಸಂಕ ದಾಟುವಾಗ ಪಾಚಿಗೆ ಕಾಲು ಜಾರಿ ಬಿದ್ದ. ಪಾದದ ಗಂಟು ಮುರಿದಿತ್ತು.

ಸಂಜೆ ನಾಲ್ಕರವರೆಗೆ ಅಪ್ಪ ಕಂಬಳಿಕೊಪ್ಪೆ ಹೊದ್ದು ಮಳೆಯಲ್ಲೇ ಕೂತಿದ್ದ. ಕಳೆದುಹೋದ ಹಸು ಹುಡುಕಿಕೊಂಡು ಬಂದ ಪಕ್ಕದ ಮನೆಯವರು ಕಂಡರು. ಅಷ್ಟೂ ಹೊತ್ತು ಅಮ್ಮ, ಯಾರದೋ ಮನೆಯಲ್ಲಿ ಮಾತಾಡ್ತಾ ಕೂತಿರ್ತಾನೆ ಅಂದುಕೊಂಡಿದ್ದಳು. ಬೆಂಗಳೂರಲ್ಲಿದ್ದ ನನಗೆ ವಿಷಯ ತಿಳಿದದ್ದು ಮರುದಿನ ಮಧ್ಯಾಹ್ನ, ಆಸ್ಪತ್ರೆಯಿಂದ.

ನಾನು ದಿನಾ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಲ್ಲಿ ಮೂರು ದೇಶದವರ ಜೊತೆ ಮಾತಾಡುವವಳು. ನಮ್ಮ ಮನೆಗೂ ತೋಟಕ್ಕೂ ನೇರ ಗೆರೆ ಎಳೆದರೆ 3 ಕಿಲೋಮೀಟರ್. ಅಷ್ಟು ದೂರಕ್ಕೆ ‘ನಾನು ಬಿದ್ದಿದೀನಿ’ ಅನ್ನೋ ಒಂದು ಮಾತು ಹೋಗಲಿಲ್ಲವಲ್ಲ ಅನ್ನೋದು ತಲೆಯಲ್ಲಿ ಕೂತುಬಿಟ್ಟಿತು.

ಕಾಲೇಜಿನಲ್ಲಿ ಹ್ಯಾಮ್ ರೇಡಿಯೊ ಲೈಸೆನ್ಸ್ ಮಾಡಿಸಿದ್ದೆ, ಬಳಸಿದ್ದು ಕಡಿಮೆ. ಅಂಗೈಯಗಲದ 5 ವ್ಯಾಟ್ ವಾಕಿಟಾಕಿ, ಟವರ್ ಬೇಡ, ಕರೆಂಟ್ ಬೇಡ. ಆದರೆ ಇದರಲ್ಲಿ ಮಾತಾಡುವ ಇಬ್ಬರಿಗೂ ಲೈಸೆನ್ಸ್ ಬೇಕು. ಸುಮ್ಮನೆ ಆನ್‌ಲೈನಲ್ಲಿ ತರಿಸಿ ಗುಂಡಿ ಒತ್ತುವ ಹಾಗಿಲ್ಲ. ಹಾಗಾಗಿ ಅಪ್ಪ, ಅಮ್ಮ ಇಬ್ಬರೂ ಪರೀಕ್ಷೆಗೆ ಕೂರಬೇಕಾಯಿತು. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಕೋಡ್ ಬೇಡ, ರೇಡಿಯೊ ಪಾಠ ಮತ್ತು ನಿಯಮ ಓದಿದರೆ ಆಯಿತು. ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತಳಾದ ಅಮ್ಮ ನೋಟ್ಸ್ ಬರೆದು, ರಾತ್ರಿ ಊಟದ ಮೇಲೆ ಅಪ್ಪನಿಗೆ ಪ್ರಶ್ನೆ ಕೇಳ್ತಿದ್ದಳು. ಇಬ್ಬರಿಗೂ ವಿಯು3ಯಿಂದ ಶುರುವಾಗುವ ಕಾಲ್‌ಸೈನ್ ಬರುವಷ್ಟರಲ್ಲಿ ಅಡಿಕೆ ಕೊಯ್ಲು ಮುಗಿದಿತ್ತು. ಹವ್ಯಾಸದ ಲೈಸೆನ್ಸಾದ್ದರಿಂದ ಇದರಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ ಅಂದೆ. ‘ಹಾಗಾದ್ರೆ ಅಡಿಕೆ ರೇಟು ಕೇಳಂಗಿಲ್ಲ ಅನ್ನು’ ಅಂದ ಅಪ್ಪ.

ರಜೆ ಹಾಕಿ ಊರಿಗೆ ಹೋಗಿ ಮೊದಲ ಪ್ರಯೋಗ ಮಾಡಿದೆವು. ಅಮ್ಮ ಜಗುಲಿಯಲ್ಲಿ, ನಾವಿಬ್ಬರು ಸಂಕದ ಹತ್ತಿರ. ಕೇಳಿಸಿದ್ದು ಬರೀ ಖರ್ ಖರ್. ಅರ್ಧ ಕಿಲೋಮೀಟರ್ ದಾಟುವಷ್ಟರಲ್ಲೇ ಅಮ್ಮನ ದನಿ ಹೋಗಿತ್ತು.

ನನಗೆ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವುದೇ: ಇನ್ನೂ ಪವರ್ ಇರುವ ಸೆಟ್ ತರೋಣ. ರಾತ್ರಿ ಕೂತು ಲೆಕ್ಕ ಹಾಕಿದಾಗ ನಾಚಿಕೆಯಾಯಿತು. ಎದುರಿಗೆ ಗುಡ್ಡವಿದ್ದರೆ ಅದರ ನೆತ್ತಿಯನ್ನು ಬಳಸಿ ಬರುವ ಸಿಗ್ನಲ್ ಸಾವಿರದಲ್ಲಿ ಒಂದು ಪಾಲಿಗೆ ಇಳಿಯಬಹುದು. ನಮ್ಮಲ್ಲಿ ಎರಡು ಗುಡ್ಡ. ಮೇಲೆ ಒದ್ದೆ ಕಾಡು ಬೇರೆ, ಎಲೆಗಳೂ ಒಂದಷ್ಟು ನುಂಗುತ್ತವೆ. ಅಂಥ ಕಡೆ 5 ವ್ಯಾಟನ್ನು 10 ಮಾಡಿದರೆ ಸಿಗುವುದು ಎರಡು ಪಟ್ಟು ಮಾತ್ರ. ಬೇಕಾದದ್ದು ಸಾವಿರಾರು ಪಟ್ಟು.

‘ನೀ ಎಂತ ಲೆಕ್ಕ ಹಾಕ್ತಿದೀಯ ಮಾರಾಯ್ತಿ?’ ಅಂತ ಅಪ್ಪ ಬಂದು ಪಕ್ಕದಲ್ಲಿ ಕೂತ. ಲ್ಯಾಪ್‌ಟಾಪಿನಲ್ಲಿ ಮನೆಯಿಂದ ತೋಟದವರೆಗಿನ ಎತ್ತರದ ನಕ್ಷೆ ತೋರಿಸಿದೆ. ನೋಡಿ ಹೇಳಿದ: ‘ನನ್ನ ಸಣ್ಣ ವಯಸ್ಸಲ್ಲಿ ತೋಟದಿಂದ ಕೂ ಹಾಕ್ತಿದ್ವಿ. ಸಂಕದಿಂದ ಕೂಗಿದ್ರೆ ಮನೆಗೆ ಯಾವತ್ತೂ ಕೇಳ್ತಿರಲಿಲ್ಲ. ಮೇಲೆ ಬ್ಯಾಣದಲ್ಲಿ ದನ ಕಾಯೋರು ಇರ್ತಿದ್ರಲ್ಲ, ಅವರಿಗೆ ಕೇಳ್ತಿತ್ತು. ಅವರು ಈಚೆ ಕಡೆ ತಿರುಗಿ ಇನ್ನೊಂದು ಕೂ ಹಾಕೋರು. ಹಂಗೆ ಎರಡು ಮೂರು ಬಾಯಿ ದಾಟಿ ಮನೆಗೆ ಬರ್ತಿತ್ತು.’

ನಾನು ಎಂಜಿನಿಯರಿಂಗಲ್ಲಿ ಓದಿದ ರಿಪೀಟರ್ ಅಂದರೆ ಇದೇ. ಎತ್ತರದಲ್ಲಿ ಕೂತು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ, ಅದೇ ಕ್ಷಣ ಇನ್ನೊಂದರಲ್ಲಿ ಜೋರಾಗಿ ಹೇಳುವ ಯಂತ್ರ. ಎತ್ತರದ ಬೆಲೆ ಅಷ್ಟಿಷ್ಟಲ್ಲ. ಬಯಲಲ್ಲಿ ಕೈಯಲ್ಲಿ ಹಿಡಿದ ಸೆಟ್‌ಗೆ ದಿಗಂತ ಸುಮಾರು 5 ಕಿಲೋಮೀಟರ್. ಸುತ್ತಲ ನೆಲಕ್ಕಿಂತ 300 ಮೀಟರ್ ಎತ್ತರದ ತುದಿಗೆ ಅದನ್ನೇ ಒಯ್ದರೆ 70 ಕಿಲೋಮೀಟರ್.

ಆದರೆ ಬ್ಯಾಣದಲ್ಲಿ ಈಗ ದನ ಕಾಯುವವರಿಲ್ಲ. ರಿಪೀಟರ್ ಇಡಲು ಬೇರೆ ಅನುಮತಿ ಬೇಕು, ಸೋಲಾರ್, ಬ್ಯಾಟರಿ, ಸಿಡಿಲಿನಿಂದ ರಕ್ಷಣೆ, ಕೆಟ್ಟರೆ ಮಳೆಯಲ್ಲಿ ಹತ್ತುವವರು ಬೇಕು. ವಯಸ್ಸಾದ ಇಬ್ಬರಿರುವ ಮನೆಗೆ ಅದು ಆಗುವ ಮಾತಲ್ಲ. ಬಿದ್ದವನು ಬ್ಯಾಣಕ್ಕೆ ಹತ್ತಿ ಮಾತಾಡು ಅನ್ನುವುದೂ ಆಗುವುದಿಲ್ಲ. ಹಾಗಾದರೆ ಎತ್ತರವನ್ನು ಮನೆಯ ಕಡೆಯೇ ಹುಡುಕಬೇಕು.

ನಮ್ಮ ಮನೆ ಈಚೆ ಗುಡ್ಡದ ಬುಡದಲ್ಲೇ ಇದೆ. ಗೋಡೆಗೆ ಒತ್ತಿ ನಿಂತರೆ ಗೋಡೆಯಾಚೆಯ ಮರ ಕಾಣುತ್ತದೆಯೇ? ಹಿಂದೆ ಸರಿದಷ್ಟೂ ತುದಿ ಕಾಣುತ್ತದೆ. ರೇಡಿಯೊಗೂ ಹಾಗೇ. ಹಿತ್ತಿಲಿನ ಮೇಲಿನ ದಿಣ್ಣೆಯಲ್ಲೊಂದು ಹಲಸಿನ ಮರವಿದೆ. ಅದರ ಮೇಲುಗೊಂಬೆಗೆ ನೈಲಾನ್ ಹಗ್ಗದಲ್ಲಿ ಒಂದೂವರೆ ಮೀಟರಿನ ಸ್ಲಿಮ್ ಜಿಮ್ ಆಂಟೆನಾ ಕಟ್ಟಿದೆವು. ಪೇಟೆಯಲ್ಲಿ ಸಿಗುವ ಚಪ್ಪಟೆ ಜೋಡಿ ತಂತಿಯಲ್ಲಿ ನಾನೇ ಮಾಡಿದ್ದು.

ಅಲ್ಲಿಂದ ಅಡುಗೆಮನೆಗೆ 30 ಮೀಟರ್ ಕೇಬಲ್. ಮೊದಲು ತಂದ ತೆಳು ಕೇಬಲ್ಲಿನಲ್ಲಿ ಮುಕ್ಕಾಲು ಪಾಲು ಶಕ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಮರ ಹತ್ತಿಸಿ ಗಳಿಸಿದ್ದನ್ನೆಲ್ಲ ಕೇಬಲ್ ತಿಂದಂತೆ. ದುಬಾರಿಯಾದರೂ ದಪ್ಪನೆಯದು ತರಿಸಿದೆ. ಅದರಲ್ಲಿ ನಷ್ಟ ಮೂರನೇ ಒಂದಕ್ಕಿಂತ ಕಡಿಮೆ. ಗುಡುಗಿನ ಮುನ್ಸೂಚನೆ ಕಂಡರೆ ಸಾಕು, ಮೊದಲ ಕೆಲಸ ಕೇಬಲ್ ಬಿಚ್ಚಿ ಮನೆಯ ಹೊರಗೆ ಇಡುವುದು ಅಂತ ಅಮ್ಮನಿಗೆ ಹೇಳಿದ್ದೇನೆ.

ಅಪ್ಪನ ಸೆಟ್ಟಿನ ಗಿಡ್ಡ ರಬ್ಬರ್ ಆಂಟೆನಾ ತೆಗೆದು ಅರ್ಧ ಮೀಟರಿನ ಉದ್ದ ಕಡ್ಡಿ ಹಾಕಿದೆ. ನಾವು ಬಳಸುವ 145 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಉದ್ದ ಸುಮಾರು 49 ಸೆಂಟಿಮೀಟರ್, ಅದಕ್ಕೆ. ಸೆಟ್ ಸೊಂಟಕ್ಕೆ ಸಿಕ್ಕಿಸಿ ಮಾತಾಡಬೇಡ, ಮುಖದ ಎದುರು ನೆಟ್ಟಗೆ ಹಿಡಿ. ಕೇಳದಿದ್ದರೆ ಒಂದೆರಡು ಹೆಜ್ಜೆ ಆಚೀಚೆ ಸರಿದು ನೋಡು, ಗುಡ್ಡಕ್ಕೆ ಬಡಿದು ಬರುವ ಅಲೆಗಳು ಒಂದನ್ನೊಂದು ಅಳಿಸುವ ಜಾಗದಿಂದ ಸ್ವಲ್ಪ ಸರಿದರೂ ಕೇಳಿಸಬಹುದು. ಹೀಗೆ ಹೇಳಿಕೊಟ್ಟೆ.

ಮತ್ತೆ ಸಂಕಕ್ಕೆ ಹೋದೆವು. ಸ್ಕ್ವೆಲ್ಚ್ ತೆಗೆದು ಕೇಳಿದರೆ, ಗೊರಗೊರ ಸದ್ದಿನ ಒಳಗಿಂದ ಅಮ್ಮನ ದನಿ ಬಂತು: ‘ಕೇಳ್ತಾ ಇದೆ. ಅನ್ನಕ್ಕೆ ಇಡ್ಲಾ? ಓವರ್.’ ಅಪ್ಪ ಮುಖ ಆಚೆ ತಿರುಗಿಸಿಕೊಂಡ. ಅವನು ಅವತ್ತು ಕೂತಿದ್ದ ಕಲ್ಲು ನಮ್ಮ ಪಕ್ಕದಲ್ಲೇ ಇತ್ತು.

ಎಲ್ಲ ಕಡೆ ಸಿಕ್ಕಿತು ಅಂತಲ್ಲ. ತೋಟದ ಉದ್ದಕ್ಕೂ ಇಬ್ಬರೂ ನಡೆದು, ಹತ್ತು ಕಡೆ ನಿಂತು ಮಾತಾಡಿ ಗುರುತು ಹಾಕಿಕೊಂಡೆವು. ಹಳ್ಳದ ಪಕ್ಕ, ದರೆಯ ಅಡಿಯ ಎರಡು ಜಾಗದಲ್ಲಿ ಏನು ಮಾಡಿದರೂ ಇಲ್ಲ. ನಾನು ಇನ್ನೂ ಎತ್ತರದ ಆಂಟೆನಾ, ಇನ್ನೊಂದು ಮರ ಅಂತ ಯೋಚಿಸುತ್ತಿದ್ದೆ. ಅಮ್ಮ ಹೇಳಿದಳು: ‘ಅಲ್ಲಿಗೆ ಇಳಿಯೋ ಮುಂಚೆ ಒಂದು ಸಲ ಹೇಳ್ಲಿ, ಹತ್ತಿ ಬಂದ ಮೇಲೆ ಇನ್ನೊಂದು ಸಲ. ಉಳಿದಂತೆ ಗಂಟೆಗೊಂದು. ಹೊತ್ತಿಗೆ ಸರಿಯಾಗಿ ಬರಲಿಲ್ಲ ಅಂದ್ರೆ ಕಾಲು ಗಂಟೆ ನೋಡಿ ನಾ ಪಕ್ಕದ ಮನೆಯವರನ್ನ ಕಳಿಸ್ತೀನಿ.’

ಇಷ್ಟು ಸರಳ ವಿಷಯ ನನ್ನ ಯಾವ ಲೆಕ್ಕದಲ್ಲೂ ಇರಲಿಲ್ಲ. ಸಿಗ್ನಲ್ ಮುಟ್ಟದ ಜಾಗದಲ್ಲಿ ಬಿದ್ದರೆ ಅವನು ಕೂಗಬೇಕಿಲ್ಲ, ಅವನ ದನಿ ಬರದೇ ಇರುವುದೇ ಸುದ್ದಿ.

ಹೋದ ಮಳೆಗಾಲ ಪೂರ್ತಿ ಹಾಗೇ ನಡೆಯಿತು. ಒಂದು ದಿನ ಮಾತ್ರ ಹನ್ನೆರಡು ಗಂಟೆಯ ಕರೆ ಬರಲಿಲ್ಲ. ಹನ್ನೆರಡೂ ಕಾಲಿಗೆ ಅಮ್ಮ ಪಕ್ಕದ ಮನೆಯ ಹುಡುಗನನ್ನು ಬೈಕಿನಲ್ಲಿ ಅಟ್ಟಿದಳು. ಅಪ್ಪ ಆರಾಮಾಗಿದ್ದ, ಬ್ಯಾಟರಿ ಚಾರ್ಜ್ ಹಾಕಲು ಮರೆತಿದ್ದ. ಆ ರಾತ್ರಿ ಬೈಸಿಕೊಂಡ ಮೇಲೆ ಎರಡನೇ ಬ್ಯಾಟರಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಲ್ಲಿ ಇಟ್ಟುಕೊಳ್ಳುತ್ತಾನೆ.

ದೀಪಾವಳಿಗೆ ಹೋದಾಗ ಅಮ್ಮನ ಲಾಗ್ ಪುಸ್ತಕ ನೋಡಿದೆ. ಶಾಲೆಯ ಹಾಜರಿ ಪುಸ್ತಕದ ಹಾಗೇ ಗೆರೆ ಎಳೆದು, ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಹತ್ತು, ಹನ್ನೊಂದು, ಹನ್ನೆರಡು, ಒಂದು. ಪ್ರತಿ ಹೊತ್ತಿನ ಎದುರೂ ಒಂದೇ ಪದ: ಹಾಜರ್. ಆ ಒಂದು ದಿನದ ಹನ್ನೆರಡರ ಮುಂದೆ ಕೆಂಪು ಶಾಯಿಯಲ್ಲಿ ಗೈರು ಹಾಕಿದ್ದಳು.