ಹಲ್ಲಲ್ಲಿ ಪಟ್ಟಿ, ರಕ್ತದಲ್ಲಿ ಉಪ್ಪು

1943ರ ಆಗಸ್ಟ್ 2. ಬೆಳಗಾಗಲು ಇನ್ನೂ ಬಹಳ ಹೊತ್ತಿದೆ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ನಡುವಿನ ಬ್ಲಾಕೆಟ್ ಜಲಸಂಧಿಯಲ್ಲಿ ಕಣ್ಣಿಗೆ ಕಣ್ಣು ಕಾಣದ ಕತ್ತಲು. ಮರದ ಹಲಗೆಯ ಅಮೆರಿಕನ್ ಗಸ್ತುದೋಣಿ ಪಿಟಿ-109 ಸದ್ದಡಗಿಸಿಕೊಂಡು ತೇಲುತ್ತಿದೆ. ಒಳಗೆ 13 ಮಂದಿ. ಚುಕ್ಕಾಣಿ ಹಿಡಿದವನು 26 ವರ್ಷದ ಲೆಫ್ಟಿನೆಂಟ್ ಜಾನ್ ಎಫ್. ಕೆನಡಿ. ಇದ್ದಕ್ಕಿದ್ದಂತೆ ಕಾವಲಿನವನ ಕೂಗು. ಕತ್ತಲನ್ನೇ ಸೀಳಿಕೊಂಡು ಕಪ್ಪು ಗೋಡೆಯೊಂದು ಮೈಮೇಲೆ ಬರುತ್ತಿದೆ. ಜಪಾನಿನ ಯುದ್ಧನೌಕೆ ಅಮಗಿರಿ! ಕೆನಡಿ ಚುಕ್ಕಾಣಿ ತಿರುಗಿಸುವಷ್ಟರಲ್ಲಿ ಅದರ ಉಕ್ಕಿನ ಮೂತಿ ದೋಣಿಯನ್ನು ತುಂಡರಿಸಿ ಹೋಗಿಯೇಬಿಟ್ಟಿತು. ಪೆಟ್ರೋಲು ಹೊತ್ತಿಕೊಂಡಿತು. ಸಮುದ್ರದ ನೀರಿನ ಮೇಲೆಯೇ ಬೆಂಕಿ. ಇಬ್ಬರು ಅಲ್ಲೇ ಹೋದರು.

ಆ ಕೂಗು ಕಿವಿಗೆ ಬಿದ್ದದ್ದಕ್ಕೂ ದೋಣಿ ಒಡೆದದ್ದಕ್ಕೂ ನಡುವೆ ಇದ್ದದ್ದು ಕೆಲವೇ ಸೆಕೆಂಡು. ಅಷ್ಟರಲ್ಲೇ ಆ ಹದಿಮೂರೂ ದೇಹಗಳ ಒಳಗೆ ಕೆಲಸ ಶುರುವಾಗಿತ್ತು. ಎರಡೂ ಕಿಡ್ನಿಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿಗಳಿವೆ. ಒಂದೊಂದೂ ನಾಲ್ಕೈದು ಗ್ರಾಂ ತೂಗುತ್ತದೆ, ಅಷ್ಟೆ. ಇವೇ ಅಡ್ರಿನಲ್ ಗ್ರಂಥಿಗಳು. ಬೆನ್ನುಹುರಿಯಿಂದ ಹೊರಟ ನರಗಳು ನೇರವಾಗಿ ಇವುಗಳ ತಿರುಳಿಗೆ ಬಂದು ಮುಟ್ಟುತ್ತವೆ. ನರ ಮಿಡಿದ ಕೂಡಲೇ ತಿರುಳು ಅಡ್ರಿನಾಲಿನ್ ಅನ್ನು ರಕ್ತಕ್ಕೆ ಸುರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಶ್ವಾಸನಾಳಗಳು ಹಿಗ್ಗುತ್ತವೆ. ಕಣ್ಣಿನ ಪಾಪೆ ಅರಳುತ್ತದೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಬಿಚ್ಚಿ ಕೊಡುತ್ತದೆ. ಕರುಳಿಗೆ ಹೋಗಬೇಕಾದ ರಕ್ತ ತೋಳು ತೊಡೆಗಳ ಕಡೆಗೆ ಓಡುತ್ತದೆ.

ಸಾಹಸ ಎಂದರೆ ಎಲ್ಲರೂ ಹೊಗಳುವುದು ಈ ಅಡ್ರಿನಾಲಿನ್ನನ್ನೇ. ನನಗೆ ಆ ಹೊಗಳಿಕೆ ಅರ್ಧಸತ್ಯವಾಗಿ ಕಾಣುತ್ತದೆ. ರಕ್ತಕ್ಕೆ ಬಿದ್ದ ಅಡ್ರಿನಾಲಿನ್ ಕರಗಿಹೋಗಲು ಕೆಲವೇ ನಿಮಿಷ ಸಾಕು. ಪಿಟಿ-109ರ ಜನ ಬದುಕಬೇಕಾಗಿದ್ದದ್ದು ನಿಮಿಷಗಳ ಲೆಕ್ಕದಲ್ಲಲ್ಲ, ದಿನಗಳ ಲೆಕ್ಕದಲ್ಲಿ.

ಎಂಜಿನ್ ಕೋಣೆಯಲ್ಲಿದ್ದ ಪ್ಯಾಟ್ರಿಕ್ ಮೆಕ್‌ಮಹೊನ್ ಮೈಯೆಲ್ಲ ಸುಟ್ಟುಕೊಂಡಿದ್ದ. ಅವನೂ ಸೇರಿ ಬದುಕುಳಿದ ಹನ್ನೊಂದು ಜನ ಮುರಿದ ದೋಣಿಯ ತುಂಡಿಗೆ ಜೋತುಬಿದ್ದು ಬೆಳಗು ಮಾಡಿದರು. ಸುತ್ತಲ ದ್ವೀಪಗಳಲ್ಲಿ ಜಪಾನಿ ಸೈನಿಕರಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ತುಂಡೂ ಮುಳುಗುವ ಲಕ್ಷಣ. ಈಜದೆ ಗತ್ಯಂತರವಿಲ್ಲ. ಈಜು ಬಾರದವರು ಒಂದು ಮರದ ದಿಮ್ಮಿ ಹಿಡಿದುಕೊಂಡರು. ಮೆಕ್‌ಮಹೊನ್‌ನ ಕೈಗಳು ಏನನ್ನೂ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಅವನ ಲೈಫ್‌ಜಾಕೆಟ್ಟಿನ ಪಟ್ಟಿಯನ್ನು ಕೆನಡಿ ತನ್ನ ಹಲ್ಲುಗಳ ನಡುವೆ ಕಚ್ಚಿಕೊಂಡ. ಕಚ್ಚಿಕೊಂಡೇ ನೀರು ಬಗೆದ. ಬಾಯಿ ತೆರೆಯುವಂತಿಲ್ಲ, ಅಲೆ ಬಡಿದಾಗಲೆಲ್ಲ ಉಪ್ಪುನೀರು ಗಂಟಲಿಗಿಳಿಯುತ್ತದೆ. ಐದು ಕಿಲೋಮೀಟರಿಗೂ ಮೀರಿದ ದೂರ, ಸುಮಾರು ನಾಲ್ಕು ತಾಸು. ಪ್ಲಮ್ ಪುಡಿಂಗ್ ಎಂಬ ಅಂಗೈಯಗಲದ ದ್ವೀಪದ ಮರಳಿಗೆ ಬಿದ್ದಾಗ ಕೆನಡಿ ಕುಡಿದ ನೀರನ್ನೆಲ್ಲ ಕಾರಿಕೊಂಡ. ಅದೇ ರಾತ್ರಿ ಮತ್ತೆ ಕಡಲಿಗಿಳಿದ! ತಮ್ಮ ಕಡೆಯ ದೋಣಿಗಳೇನಾದರೂ ಸಿಕ್ಕಾವೆಂದು ಲಾಂದ್ರ ಹಿಡಿದು ಫರ್ಗುಸನ್ ಪ್ಯಾಸೇಜಿನವರೆಗೆ ಹೋದ. ಯಾರೂ ಬರಲಿಲ್ಲ. ಸೆಳವು ಅವನನ್ನು ಎಳೆದಾಡಿತು. ಮರುದಿನ ಬೆಳಿಗ್ಗೆ ಹೇಗೋ ದಡ ಮುಟ್ಟಿದ.

ಈ ತಾಸುಗಳನ್ನು ದಾಟಿಸಿದ್ದು ಅಡ್ರಿನಲ್ ಗ್ರಂಥಿಯ ಹೊರಪದರ. ಅಪಾಯದ ಸುದ್ದಿ ಹೈಪೊಥಲಮಸ್‌ಗೆ ತಲುಪುತ್ತದೆ, ಅದು ಪಿಟ್ಯುಟರಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತದಲ್ಲಿ ಕೆಳಗೆ ಕಳಿಸುತ್ತದೆ. ಆಗ ಹೊರಪದರ ಕಾರ್ಟಿಸಾಲ್ ತಯಾರಿಸುತ್ತದೆ. ಇದಕ್ಕೆ ಸೆಕೆಂಡುಗಳಲ್ಲ, ನಿಮಿಷಗಳು ಬೇಕು. ಆದರೆ ಬಂದ ಮೇಲೆ ತಾಸುಗಟ್ಟಲೆ ನಿಲ್ಲುತ್ತದೆ. ಲಿವರಿನ ಸಕ್ಕರೆ ಮುಗಿದಾಗ ಸ್ನಾಯುವಿನ ಪ್ರೋಟೀನನ್ನೇ ಒಡೆಸಿ ಹೊಸ ಸಕ್ಕರೆ ಮಾಡಿಸುತ್ತದೆ. ರಕ್ತನಾಳಗಳು ಅಡ್ರಿನಾಲಿನ್ನಿನ ಮಾತು ಕೇಳುವಂತೆ ಇಡುವುದೂ ಇದೇ. ಕಾರ್ಟಿಸಾಲ್ ಇಲ್ಲದಿದ್ದರೆ ಎಷ್ಟೇ ಅಡ್ರಿನಾಲಿನ್ ಸುರಿದರೂ ನಾಳಗಳು ಸಡಿಲವಾಗಿಯೇ ಉಳಿದು ಬಿಪಿ ಕುಸಿಯುತ್ತದೆ. ಆರೋಗ್ಯವಂತನಲ್ಲಿ ಇದು ದಿನಕ್ಕೆ ಹುಟ್ಟುವುದು ಹತ್ತಿಪ್ಪತ್ತು ಮಿಲಿಗ್ರಾಂ. ಸಂಕಟ ಬಂದರೆ ಗ್ರಂಥಿ ಅದನ್ನು ಹಲವು ಪಟ್ಟು ಏರಿಸುತ್ತದೆ.

ಇನ್ನು ಉಪ್ಪಿನ ಕಥೆ. ಆಗಸ್ಟ್ 4ರಂದು ಎಲ್ಲರೂ ತೆಂಗಿನ ಮರಗಳಿದ್ದ ಒಲಸಾನಾ ದ್ವೀಪಕ್ಕೆ ಈಜಿದರು. ಮೆಕ್‌ಮಹೊನ್‌ನ ಪಟ್ಟಿ ಮತ್ತೆ ಕೆನಡಿಯ ಹಲ್ಲುಗಳ ನಡುವೆ. ಅಲ್ಲಿ ಅವರಿಗೆ ಆಹಾರ, ನೀರು ಎಂದು ಸಿಕ್ಕಿದ್ದು ಮುಖ್ಯವಾಗಿ ತೆಂಗಿನಕಾಯಿ. ಎಳನೀರು ನಮಗೆ ಅಮೃತ, ನಿಜ. ಆದರೆ ಅದರಲ್ಲಿ ಪೊಟ್ಯಾಶಿಯಂ ಹೇರಳ, ಸೋಡಿಯಂ ಕಡಿಮೆ. ಸೋಡಿಯಮ್ಮನ್ನು ಬಿಡದೆ ಹಿಡಿದುಕೊಂಡು, ಹೆಚ್ಚಿನ ಪೊಟ್ಯಾಶಿಯಮ್ಮನ್ನು ಮೂತ್ರಕ್ಕೆ ತಳ್ಳು ಎಂದು ಕಿಡ್ನಿಗೆ ಹೇಳಲು ಒಬ್ಬರು ಬೇಕು. ಹೊರಪದರದ ಅಂಚಿನಲ್ಲಿ ಹುಟ್ಟುವ ಆಲ್ಡೋಸ್ಟೆರಾನ್ ಆ ಕೆಲಸ ಮಾಡುತ್ತದೆ. ಸೋಡಿಯಂ ನಿಂತರೆ ನೀರು ನಿಲ್ಲುತ್ತದೆ, ನೀರು ನಿಂತರೆ ರಕ್ತ ಹರಿಯುತ್ತದೆ. ಅದಿಲ್ಲದ ದೇಹದಲ್ಲಿ ಏರಿದ ಪೊಟ್ಯಾಶಿಯಂ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಆ ದ್ವೀಪದಲ್ಲಿ ಯಾರೂ ಈ ಲೆಕ್ಕ ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಸ್ಥಳೀಯರಾದ ಬಿಯುಕು ಗಾಸಾ ಮತ್ತು ಎರೋನಿ ಕುಮಾನಾ ತಮ್ಮ ದೋಣಿಯಲ್ಲಿ ಬಂದು ಅವರನ್ನು ಕಂಡರು. ಕೆನಡಿ ತೆಂಗಿನ ಚಿಪ್ಪಿನ ಮೇಲೆ ಕೆತ್ತಿದ ಸಂದೇಶವನ್ನು ಆ ಇಬ್ಬರು ಪ್ರಾಣ ಪಣಕ್ಕಿಟ್ಟು ಶತ್ರುವಿನ ನೀರಿನಲ್ಲಿ ಹುಟ್ಟುಹಾಕುತ್ತ ಒಯ್ದರು. ಅವರಿಲ್ಲದಿದ್ದರೆ ಈ ಕಥೆಯೇ ಇಲ್ಲ. ಆಗಸ್ಟ್ 8ರಂದು ಹನ್ನೊಂದೂ ಮಂದಿ ಜೀವಂತವಾಗಿ ಪಾರಾದರು.

ಆದರೆ ಕೆನಡಿಯ ನಿಜವಾದ ಮುಳುಗಡೆ ಕಾದಿತ್ತು, ಒಣನೆಲದ ಮೇಲೆ.

1947. ಸಂಸತ್ತಿಗೆ ಹೊಸದಾಗಿ ಗೆದ್ದ ಕೆನಡಿ ಲಂಡನ್ನಿನಲ್ಲಿ ಕುಸಿದುಬಿದ್ದ. ವಾಂತಿ, ತಾಳಲಾರದ ನಿಶ್ಶಕ್ತಿ, ನೆಲ ಕಚ್ಚಿದ ಬಿಪಿ. ಸುತ್ತಲೂ ಯುದ್ಧವಿಲ್ಲ, ಬೆಂಕಿಯಿಲ್ಲ, ಸೆಳವಿಲ್ಲ. ವೈದ್ಯರು ಹೇಳಿದ ಹೆಸರು: ಅಡಿಸನ್ ಕಾಯಿಲೆ. ಅದೇ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಮೊದಲು ವಿವರಿಸಿದ ಕಾಯಿಲೆ. ಗ್ರಂಥಿಯ ಹೊರಪದರ ನಾಶವಾಗುತ್ತದೆ. ಪಿಟ್ಯುಟರಿ ಮಾತ್ರ ಎಸಿಟಿಎಚ್ ಕಳಿಸುತ್ತಲೇ ಇರುತ್ತದೆ, ಕೂಗು ಜೋರಾದಷ್ಟೂ ಚರ್ಮ ಕಪ್ಪಿಡುತ್ತದೆ, ಅಂಗೈ ಗೆರೆಗಳೂ ವಸಡೂ ಕಂದುತ್ತವೆ. ಉಪ್ಪು ತಿನ್ನುವ ಚಪಲ ಏಳುತ್ತದೆ. ಕ್ವೀನ್ ಮೇರಿ ಹಡಗಿನಲ್ಲಿ ಅಮೆರಿಕಕ್ಕೆ ಮರಳುವಾಗ ಅವನಿಗೆ ಪಾದ್ರಿಯಿಂದ ಅಂತಿಮ ಸಂಸ್ಕಾರವೂ ಆಯಿತು. ಹಲ್ಲಲ್ಲಿ ಒಬ್ಬನನ್ನು ಕಚ್ಚಿ ಎಳೆದವನಿಗೆ ಈಗ ತನ್ನ ಮೈಯನ್ನೇ ಎಳೆಯಲಾಗುತ್ತಿಲ್ಲ.

ನಮ್ಮ ದೇಶದಲ್ಲಿ ಇಂದಿಗೂ ಈ ಗ್ರಂಥಿಗಳನ್ನು ತಿನ್ನುವ ಕಾಯಿಲೆಗಳಲ್ಲಿ ಕ್ಷಯ ಮುಖ್ಯವಾದದ್ದು. ಇನ್ನೊಂದು ದಾರಿ ನಾವೇ ತೋಡಿಕೊಂಡದ್ದು. ಮಂಡಿನೋವಿಗೆ, ಉಬ್ಬಸಕ್ಕೆ ಎಂದು ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಪಿಟ್ಯುಟರಿ ಸುಮ್ಮನಾಗುತ್ತದೆ, ಕೆಲಸವಿಲ್ಲದ ಗ್ರಂಥಿ ಸೊರಗುತ್ತದೆ. ವಾಸಿಯಾಯಿತೆಂದು ಒಂದು ದಿನ ಮಾತ್ರೆಯನ್ನು ತಟ್ಟನೆ ಬಿಟ್ಟವರು ಜ್ವರವೊಂದು ಬಂದ ಕೂಡಲೇ ಕೆನಡಿಯಂತೆಯೇ ಕುಸಿಯಬಹುದು. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಪಟ್ಟಿಯಲ್ಲಿ ಆ ಮಾತ್ರೆ ಇದೆಯೆಂಬುದೇ ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ. ಇದು ನನ್ನನ್ನು ಕೆನಡಿಯ ಕಥೆಗಿಂತ ಹೆಚ್ಚು ಕಾಡುತ್ತದೆ.

ಕೆನಡಿಯ ಕಾಯಿಲೆಗೆ ಆಗ ಕೈಯಲ್ಲಿದ್ದ ಮುಖ್ಯ ಔಷಧ ಡೋಕಾ. ಗುಳಿಗೆಯನ್ನು ತೊಡೆಯ ಚರ್ಮದಡಿ ಹೂಳುತ್ತಿದ್ದರು. ಅದು ಆಲ್ಡೋಸ್ಟೆರಾನಿನ ಹಾಗೆ ಉಪ್ಪನ್ನು ಹಿಡಿದಿಡುತ್ತಿತ್ತು, ಕಾರ್ಟಿಸಾಲಿನ ಜಾಗ ಖಾಲಿಯೇ. ಅತ್ತ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಹೊರಪದರದ ಹಾರ್ಮೋನುಗಳನ್ನು ಒಂದೊಂದಾಗಿ ಬೇರ್ಪಡಿಸಿದ್ದ. 1948ರಲ್ಲಿ ಅಲ್ಲಿಯೇ ಫಿಲಿಪ್ ಹೆಂಚ್ ಅವುಗಳಲ್ಲಿ ಕಾರ್ಟಿಸಾಲಿನ ಜಾಗ ತುಂಬಬಲ್ಲ ಕಾರ್ಟಿಸೋನನ್ನು ಕೀಲುವಾತದ ರೋಗಿಗೆ ಚುಚ್ಚಿದ. 1950ರಲ್ಲಿ ಇಬ್ಬರಿಗೂ ಇದೇ ಹಾರ್ಮೋನುಗಳ ಮೇಲೆ ದುಡಿದ ರೈಕ್‌ಸ್ಟೈನ್ ಜೊತೆಗೆ ನೊಬೆಲ್ ಬಂತು. ಆ ಹೊತ್ತಿಗೆಲ್ಲ ಕಾರ್ಟಿಸೋನ್ ಕೆನಡಿಯ ಕೈಗೂ ಬಂತು.

ಕೆನಡಿಯ ಹಳೆಯ ಬೆನ್ನುನೋವು ಮಾತ್ರ ಬಿಡಲಿಲ್ಲ. ಅಡಿಸನ್ ಇರುವವನ ಮೈಗೆ ಕತ್ತಿ ಮುಟ್ಟಿಸಲು ವೈದ್ಯರು ಹಿಂದೆಗೆದರು. ಆಪರೇಷನ್ ಎಂದರೆ ದೇಹಕ್ಕೆ ಅದೂ ಒಂದು ಹಡಗೊಡೆತ, ಕಾರ್ಟಿಸಾಲ್ ಏರಿಸಲು ಗ್ರಂಥಿಯಿಲ್ಲ. ಊರುಗೋಲಿನಲ್ಲಿ ಬದುಕುವುದಕ್ಕಿಂತ ಸಾವೇ ಮೇಲೆಂದು, ಅಷ್ಟರಲ್ಲಿ ಸೆನೆಟರ್ ಆಗಿದ್ದ ಕೆನಡಿ ಹಟ ಹಿಡಿದ. 1954ರ ಅಕ್ಟೋಬರ್ 21ರಂದು ನ್ಯೂಯಾರ್ಕಿನಲ್ಲಿ ಬೆನ್ನಿಗೆ ಲೋಹದ ಪಟ್ಟಿ ಕೂರಿಸಿದರು. ಮೂರನೆಯ ದಿನ ಮೂತ್ರದ ಸೋಂಕು. ಪ್ರಜ್ಞೆ ತಪ್ಪಿತು. ಮತ್ತೆ ಪಾದ್ರಿ, ಮತ್ತೆ ಅಂತಿಮ ಸಂಸ್ಕಾರ. ಅವನ ಗ್ರಂಥಿಗಳು ಏರಿಸಲಾರದ್ದನ್ನು ವೈದ್ಯರು ಸೂಜಿಯಿಂದ ಏರಿಸಬೇಕಾಗಿತ್ತು. ಕೊಂಚ ಕಡಿಮೆಯಾದರೆ ಬಿಪಿ ಬೀಳುತ್ತದೆ, ಅತಿಯಾದರೆ ಸೋಂಕು ಹಬ್ಬುತ್ತದೆ, ಗಾಯ ಕೂಡುವುದಿಲ್ಲ. ಕೆನಡಿ ಕಣ್ಣು ಬಿಟ್ಟ. ಗಾಯ ಕೀವಾಗಿ ಫೆಬ್ರುವರಿಯಲ್ಲಿ ಆ ಪಟ್ಟಿಯನ್ನೇ ತೆಗೆಯಬೇಕಾಯಿತು, ಅದನ್ನೂ ದಾಟಿದ. 1955ರ ಮೇ ತಿಂಗಳಲ್ಲಿ ಸೆನೆಟ್ಟಿಗೆ ಮರಳಿದ.

ಅದೇ ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯ ಪತ್ರಿಕೆಯೊಂದು ಅಡಿಸನ್ ಕಾಯಿಲೆಯ 37 ವರ್ಷದ ಗಂಡಸೊಬ್ಬನ ಪ್ರಕರಣವನ್ನು ಹೆಸರು ಹೇಳದೆ ಅಚ್ಚುಹಾಕಿತು. ಇಂದು ಅಂಥ ರೋಗಿಯನ್ನು ದೊಡ್ಡ ಆಪರೇಷನ್ನಿಗೆ ಒಯ್ದಾಗ ಅರಿವಳಿಕೆಯ ಜೊತೆಗೇ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚುತ್ತಾರೆ. ಮುಂದಿನ 24 ತಾಸಿನಲ್ಲಿ ಇನ್ನೂ 200 ಮಿಲಿಗ್ರಾಂ ಇಳಿಸುತ್ತಾರೆ. ನೆಟ್ಟಗಿರುವ ಗ್ರಂಥಿಗಳು ಯಾರಿಗೂ ಹೇಳದೆ ಮಾಡುವ ಕೆಲಸವದು.