ಗಡಸು ನೀರು

ನೀರಿಗೆ ರುಚಿಯಿಲ್ಲವೆಂದು ಹೇಳುವವರು ಹುಟ್ಟಿದಂದಿನಿಂದ ಒಂದೇ ಬಾವಿಯ ನೀರನ್ನು ಕುಡಿದವರಾಗಿರಬೇಕು. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಹೇಳಿಕೊಡುವಾಗ ನಮ್ಮ ಗುರುಗಳು, ಜಲಕ್ಕೆ ಸಹಜವಾದುದು ಮಧುರರಸವೊಂದೇ ಎನ್ನುತ್ತಿದ್ದರು. ಹಾಗಾದರೆ ಸವಳು ಬಾವಿಯ ಗತಿಯೇನೆಂದು ಕೇಳಿದರೆ, ಆ ಉಪ್ಪು ನೀರಿನದಲ್ಲ, ಅದರೊಡನೆ ಕೂಡಿದ ಪೃಥಿವಿಯ ಅಂಶದ್ದು, ಔಪಾಧಿಕವಾದುದು ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಈ ಉತ್ತರವು ವಾದಕ್ಕಾಗಿ ಹುಟ್ಟಿದುದಾದರೂ, ಇಂದಿನ ರಸಾಯನಶಾಸ್ತ್ರವು ಗಡಸು ನೀರನ್ನು ವಿವರಿಸುವ ಬಗೆಯು ಇದರಿಂದ ಬಹಳ ದೂರವಿಲ್ಲ.

ಮಳೆಯ ನೀರು ಸ್ವಭಾವತಃ ಮೆದು. ಅದು ಮಣ್ಣಿನೊಳಕ್ಕೆ ಇಳಿಯುವಾಗ ಇಂಗಾಲಾಮ್ಲವನ್ನು ಹೀರಿಕೊಂಡು, ಆ ಬಲದಿಂದ ಕಲ್ಲನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ, ಸುಣ್ಣದ ಮತ್ತು ಮೆಗ್ನೀಸಿಯಮ್ಮಿನ ಲವಣಗಳನ್ನು ಹೊತ್ತುಕೊಳ್ಳುತ್ತದೆ. ಬಂಡೆಯ ಬಿರುಕಿನಲ್ಲಿ ನಿಂತ ಕಾಲ ಹೆಚ್ಚಿದಷ್ಟೂ ಹೊರೆ ಹೆಚ್ಚು. ಬೆಂಗಳೂರಿನ ಕೊಳವೆಬಾವಿಗಳು ಕೆಲವೆಡೆ ಸಾವಿರ ಅಡಿಗಳನ್ನೂ ಮೀರಿ ಇಳಿದಿರುವುದರಿಂದ ಅಲ್ಲಿಯ ನೀರು ಗಡಸಾಗಿರುವುದು ಸೋಜಿಗವಲ್ಲ. ಕಾವೇರಿಯ ನೀರಾದರೋ ಅದಕ್ಕಿಂತ ಮೆದುವಾದುದು. ಹೀಗಾಗಿ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಎರಡು ಜಾತಿಯ ನೀರನ್ನು ಕಾಣಬಹುದು. ನಾನೀಗ ಇರುವ ನನ್ನ ಮಗನ ಮನೆಯಲ್ಲಿ ಅಡುಗೆಮನೆಯ ನಲ್ಲಿಗೆ ಕಾವೇರಿ, ಬಚ್ಚಲಿಗೆ ಕೊಳವೆಬಾವಿ.

ಈ ಎರಡರ ಅಂತರವನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾದುದಿಲ್ಲ. ಬಚ್ಚಲಿನಲ್ಲಿ ಸಾಬೂನು ನೊರೆಯನ್ನು ಕೊಡುವುದಕ್ಕೆ ಬದಲು ಒಡೆದ ಹಾಲಿನಂತೆ ಕರಣೆಗಟ್ಟಿ ಮೈಗೆ ಅಂಟಿಕೊಳ್ಳುತ್ತದೆ. ನಲ್ಲಿಯ ಬಾಯಿಗೆ ಬಿಳಿಯ ಪದರ ಕೂಡುತ್ತದೆ. ನಮ್ಮ ಹಳೆಯ ಮನೆಯ ತಾಮ್ರದ ಹಂಡೆಯೊಳಗೂ ಇಂತಹ ಪದರವೇ ಬೆಳೆಯುತ್ತಿತ್ತು. ನಮ್ಮ ತಾಯಿಯವರು ಹುಣಿಸೆಹಣ್ಣಿನಿಂದ ಅದನ್ನು ಬಿಡಿಸುತ್ತಿದ್ದರು. ಹುಳಿಗೆ ಸುಣ್ಣ ಕರಗುವುದೆಂಬ ತತ್ತ್ವವನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ಆದರೆ ಗಡಸು ನೀರಿನ ನಿಜವಾದ ಪರೀಕ್ಷೆ ತೊಗರಿಬೇಳೆಯದು. ಸುಣ್ಣವು ಬೇಳೆಯ ಕಣಗಳನ್ನು ಬೆಸೆದಿರುವ ಅಂಟನ್ನು ಬಿಗಿಮಾಡುವುದರಿಂದ ಎಷ್ಟು ಕುದಿಸಿದರೂ ಅದು ಕರಗದೆ ತಳದಲ್ಲಿ ಕುಳಿತಿರುತ್ತದೆ. ಉರಿಯೂ ವ್ಯರ್ಥ, ಹೊತ್ತೂ ವ್ಯರ್ಥ.

ಗಡಸಿನಲ್ಲಿಯೂ ಎರಡು ಬಗೆಗಳುಂಟು. ಬೈಕಾರ್ಬನೇಟಿನಿಂದ ಬಂದುದು ಕುದಿಸಿದರೆ ತಳಕ್ಕೆ ಇಳಿಯುತ್ತದೆ. ಸಲ್ಫೇಟು, ಕ್ಲೋರೈಡುಗಳಿಂದ ಬಂದುದು ಕುದಿತಕ್ಕೆ ಜಗ್ಗದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸು ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರತಕ್ಕದ್ದು. ಬೇರೆ ನೀರು ದೊರೆಯದ ಪಕ್ಷದಲ್ಲಿ 600ರವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯು ಗಡಸಿಗೆ ಆರೋಗ್ಯದ ಕಾರಣದಿಂದ ಮಿತಿಯನ್ನೇ ಗೊತ್ತುಮಾಡಿಲ್ಲ. ಭಯಪಡಬೇಕಾದುದು ಫ್ಲೋರೈಡಿಗೆ, ಚರಂಡಿಯಿಂದ ಇಂಗುವ ನೈಟ್ರೇಟಿಗೆ. ಇವಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಸುಶ್ರುತನು ಕಲಕು ನೀರನ್ನು ತಿಳಿಗೊಳಿಸುವ ವಸ್ತುಗಳಲ್ಲಿ ಕತಕವನ್ನು, ಎಂದರೆ ನಮ್ಮ ಚಿಲ್ಲದ ಬೀಜವನ್ನು, ಹೇಳಿದ್ದಾನೆ. ಅದು ಕೆಸರನ್ನು ಕೂಡಿಸಿ ತಳಕ್ಕಿಳಿಸುತ್ತದೆ; ಕರಗಿದ ಲವಣವನ್ನು ಮುಟ್ಟಲಾರದು. ತಿಳಿಯಾದ ನೀರೆಲ್ಲ ಒಳ್ಳೆಯ ನೀರೆಂಬ ನಂಬಿಕೆ ಮಾತ್ರ ವಿದ್ಯಾವಂತರಲ್ಲಿಯೂ ಇನ್ನೂ ಇದೆ.

ಧರ್ಮಾಂಬುಧಿ, ಸಂಪಂಗಿ ಮುಂತಾದ ಕೆರೆಗಳನ್ನು ನಂಬಿದ್ದ ಬೆಂಗಳೂರಿಗೆ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. 1974ರಿಂದ ಕಾವೇರಿಯು ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿ ಬರುತ್ತಿದ್ದಾಳೆ. ಹೊರವಲಯದ 110 ಹಳ್ಳಿಗಳನ್ನು ಉದ್ದೇಶಿಸಿದ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಧರ್ಮಾಂಬುಧಿಯಿದ್ದ ಸ್ಥಳದಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ.

ಇಷ್ಟು ಶ್ರಮದಿಂದ ಬಂದ ಕಾವೇರಿಯನ್ನೂ ಯಂತ್ರಕ್ಕೆ ಹಾಕಿ ಶೋಧಿಸಬೇಕೆಂಬುದು ನನ್ನ ಮಗನ ಇಷ್ಟವಾಗಿತ್ತು. ಆ ಯಂತ್ರವು ಒಂದು ಪಾಲು ನೀರನ್ನು ಕೊಡುವುದಕ್ಕೆ ಎರಡು ಮೂರು ಪಾಲನ್ನು ಹೊರಕ್ಕೆ ಚೆಲ್ಲುತ್ತದೆ. ಬೇಕಾದ ಲವಣವನ್ನೂ ಬೇಡದ್ದನ್ನೂ ಒಟ್ಟಿಗೆ ನೂಕುತ್ತದೆ. ಕೊಳವೆಬಾವಿಯ ಕೆಟ್ಟ ನೀರೊಂದೇ ಗತಿಯಾದವರಿಗೆ ಅದು ಬೇಕು, ನಮಗೆ ಬೇಡವೆಂದೆ. ಅವನು ಒಪ್ಪಿದನು. ಒಪ್ಪದೆ ಉಳಿದಿರುವುದು ಬೇರೊಂದು ಸಂಗತಿ.

ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿನ ಬೀದಿಗೆ ಕಾವೇರಿ ಇನ್ನೂ ತಲಪಿಲ್ಲ. “ನಮ್ ಬೋರ್ ನೀರ್ನಾಗೆ ಬ್ಯಾಳೆ ಬೇಯಾಕಿಲ್ಲ, ಮೇಷ್ಟ್ರೇ. ಮಕ್ಕಳು ಕುಡಿಯಾಕೂ ಒಲ್ಲವು” ಎಂದು ಆಕೆ ಒಂದು ದಿನ ಹೇಳಿದಳು. ಅಂದಿನಿಂದ ನನ್ನ ಮನೆಯಾಕೆ ಪ್ರತಿದಿನವೂ ಎರಡು ಬಿಂದಿಗೆ ನೀರನ್ನು ಹಿಡಿದಿಟ್ಟು ಆಕೆಗೆ ಕೊಡುತ್ತಾಳೆ. ಗೇಟಿನ ಕಾವಲುಗಾರನು ಅದನ್ನು ಕಂಡು ವರದಿ ಮಾಡಿದನಂತೆ. ಸಮುಚ್ಚಯದ ಕಾವೇರಿ ನೀರನ್ನು ಹೊರಕ್ಕೆ ಒಯ್ಯುವುದು ನಿಯಮಕ್ಕೆ ವಿರುದ್ಧವೆಂದೂ, ಬರುವ ಭಾನುವಾರದೊಳಗೆ ಸಮಜಾಯಿಷಿ ಕೊಡಬೇಕೆಂದೂ ಆಡಳಿತ ಸಮಿತಿಯವರಿಂದ ಓಲೆ ಬಂದಿದೆ. ಅವರ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಬೇಸಗೆಯಲ್ಲಿ ತೊಟ್ಟಿ ಬರಿದಾದುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ನಮ್ಮ ಪಾಲಿನ ನೀರಿಗೆ ಮೀಟರು ಉಂಟು. ನಾವು ಇಬ್ಬರು ಮುದುಕರು ಆ ಎರಡು ಬಿಂದಿಗೆಯನ್ನು ನಮ್ಮ ಬಳಕೆಯಿಂದ ಉಳಿಸಿಯೇ ಕೊಡುತ್ತಿದ್ದೇವೆ.

ಇದನ್ನೇ ಬರೆದು, ಬಿಂದಿಗೆಯನ್ನು ನಿಲ್ಲಿಸುವುದಿಲ್ಲವೆಂದೂ ಸೇರಿಸಿ, ಮಗನ ಕೈಗೆ ಕೊಟ್ಟೆನು. ಮನೆಯು ಅವನ ಹೆಸರಿನಲ್ಲಿರುವುದರಿಂದ ರುಜು ಅವನದೇ ಆಗಬೇಕು. ಎರಡು ಸಲ ಓದಿದನು. “ನೋಡೋಣ, ಅಪ್ಪ” ಎಂದು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಇಂದು ಶುಕ್ರವಾರ.