ಬೆಳಕು ಕಂಡ ಅಣಬೆ

ಅಣಬೆಗೆ ಕತ್ತಲಿದ್ದರೆ ಸಾಕು, ಬೆಳಕು ಬೇಡವೆಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧ ಸತ್ಯ ಮಾತ್ರ.

ಬನಶಂಕರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಗಳು ಭತ್ತದ ಹುಲ್ಲು ತುಂಬಿದ ಚೀಲಗಳಲ್ಲಿ ಚಿಪ್ಪಣಬೆ ಬೆಳೆಸಿದ್ದಳು. ಬೀಜ ತಂದದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ. ಕಿಟಕಿಯ ಬಳಿಯ ಚೀಲದಲ್ಲಿ ಅಗಲವಾದ ಕೊಡೆಗಳು ಅರಳಿದವು. ಗಾಳಿ, ಬೆಳಕು ಸಾಲದ ಮೂಲೆಯ ಚೀಲದಲ್ಲಿ ಉದ್ದ ಕಾಂಡ, ಪುಟ್ಟ ತಲೆ. ಬೀಜ ಒಂದೇ, ಹುಲ್ಲೂ ಒಂದೇ!

ಆಕಾರವೇ ಹೀಗೆ ಬದಲಾದರೆ ಒಳಗಿನ ಸತ್ವದ ಗತಿಯೇನು? ಔಷಧಿಗೆಂದು ಬೆಳೆಸುವ ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬ ಶಿಲೀಂಧ್ರವನ್ನೇ ನೋಡಿ. ಗಾಜಿನ ಬಾಟಲಿಯಲ್ಲಿ, ಬೇಯಿಸಿದ ಅಕ್ಕಿಯ ಮೇಲೆ, ಸುಮಾರು 20 ಡಿಗ್ರಿ ತಂಪಿನಲ್ಲಿ ಅದು ಬೆಳೆಯುತ್ತದೆ. ಕತ್ತಲಲ್ಲಿಟ್ಟರೆ ಬೆಳ್ಳಗಿರುತ್ತದೆ, ಬೆಳಕು ತಾಗಿದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕ್ಯಾರೊಟಿನಾಯ್ಡ್‌ಗಳದು, ಕ್ಯಾರೆಟ್‌ಗೆ ಬಣ್ಣ ಕೊಡುವ ಬಳಗವೇ. ಇವು ಆಂಟಿಆಕ್ಸಿಡೆಂಟ್‌ಗಳು. ಶಿಲೀಂಧ್ರ ಇವನ್ನು ತಯಾರಿಸುವುದು ನಮಗಾಗಿ ಅಲ್ಲ, ಬೆಳಕಿನ ಹೊಡೆತದಿಂದ ತನ್ನನ್ನು ಕಾಪಾಡಿಕೊಳ್ಳಲು.

ಪರೀಕ್ಷೆ ಹತ್ತಿರ ಬಂದಾಗ ಪಕ್ಕದ ಮನೆಯಾಕೆ ಕೇಳಿದರು: ‘ಅಣಬೆ ಪುಡಿ ಒಳ್ಳೆಯದಂತಲ್ರೀ, ಮಗನಿಗೆ ಕೊಡಲಾ?’ ಡಬ್ಬಿಯ ಮೇಲೆ ಹೆಸರಿದ್ದರೆ ಸಾಲದು. ಅದು ಯಾವುದರ ಮೇಲೆ ಬೆಳೆಯಿತು, ಎಷ್ಟು ಬೆಳಕು ಕಂಡಿತು, ಹೇಗೆ ಒಣಗಿತು ಎಂಬುದರ ಮೇಲೆ ಸತ್ವ ನಿಂತಿದೆ. ಪ್ರಯೋಗಾಲಯದ ನಳಿಕೆಯಲ್ಲಿ ಕಂಡ ಗುಣ ದೇಹದೊಳಗೂ ಹಾಗೇ ಕೆಲಸ ಮಾಡುತ್ತದೆಂದೂ ಇಲ್ಲ. ಅಂಕ ಹೆಚ್ಚಿಸುವುದಂತೂ ದೂರದ ಮಾತು.

ಪುಡಿಯ ದುಡ್ಡಿಗೆ ಚಿಪ್ಪಣಬೆಯ ಬೀಜ ತನ್ನಿ, ಮಕ್ಕಳೇ ಬೆಳೆಸಲಿ. ಪಾಠವೂ ಆಯಿತು, ಪಲ್ಯವೂ ಆಯಿತು.